ಕುಟುರನ ಖಾತೆ ಬದಲಾವಣೆ

ಶಿರಸಿ ಕಡೆಯ ಹಳ್ಳಿಗಳಲ್ಲಿ ಹಕ್ಕಿ ನೋಡುವವರಿಗೆ ಈ ಪ್ರಶ್ನೆ ಎಂದಾದರೊಮ್ಮೆ ಎದುರಾಗಿಯೇ ಆಗುತ್ತದೆ. ತೋಟದಂಚಿನ ಬಸರಿ ಮರದಲ್ಲಿ ಕುಟುರ ಕೂತು ಕೂಗುತ್ತಿರುತ್ತದೆ. ಜಗಲಿಯ ಮೇಲೆ ಎರಡು ಪುಸ್ತಕ, ಒಂದು ನಲವತ್ತು ವರ್ಷ ಹಳೆಯದು, ಇನ್ನೊಂದು ಮೊನ್ನೆ ಮೊನ್ನೆ ಕೊಂಡದ್ದು. ಹಳೆಯದರಲ್ಲಿ ಈ ಹಕ್ಕಿ ಮೆಗಲೈಮಾ ವಿರಿಡಿಸ್, ಹೊಸದರಲ್ಲಿ ಸಿಲೋಪೋಗನ್ ವಿರಿಡಿಸ್. ಮನೆಯ ಹಿರಿಯರು ಕನ್ನಡಕ ಏರಿಸಿ ಎರಡನ್ನೂ ಓದಿ ಕೇಳುತ್ತಾರೆ: "ಹಕ್ಕಿ ಅದೇ ಇದ್ದು, ಹೆಸ್ರು ಎಂತಕ್ಕೆ ಬದಲಾತು?"

"ಡಿಎನ್‌ಎ ನೋಡಿ ಬದಲಾಯಿಸಿದರು" ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಸುಳ್ಳಲ್ಲ, ಆದರೆ ಕೇಳಿದವರನ್ನು ಸಾಗಹಾಕುವ ಉತ್ತರ. ಪಹಣಿಯಲ್ಲಿ ಹೆಸರು ಬದಲಾದರೆ ಯಾವ ಕಾಗದದ ಮೇಲೆ, ಯಾವ ನಿಯಮದಡಿ, ಹಿಸ್ಸೆ ಹೇಗೆ ಒಡೆಯಿತು ಎಂದು ವಿಚಾರಿಸದೆ ಬಿಡದ ಊರಿದು. ಹಕ್ಕಿಯ ಖಾತೆಗೂ ಅಷ್ಟೇ ವಿವರ ಕೊಡಬೇಕಾದ್ದು ನ್ಯಾಯ.

ಕುಟುರ ಎಂಬ ಕನ್ನಡದ ಹೆಸರು ದನಿಯಿಂದ ಬಂದದ್ದು. ಕುಟುರ್, ಕುಟುರ್, ಕುಟುರ್ ಎಂದು ಬೇಸಿಗೆಯ ಮಧ್ಯಾಹ್ನವಿಡೀ ಕೂಗುವ ಹಕ್ಕಿ ಕುಟುರ. ಒಬ್ಬರು ಕುಟ್ರುಹಕ್ಕಿ ಎಂದರೆ ಇನ್ನೊಬ್ಬರು ಕುಟ್ರ ಎನ್ನುತ್ತಾರೆ. ಹಸಿರು ಎಲೆಯೊಳಗೆ ಹಸಿರಾಗಿಯೇ ಕೂತ ಹಕ್ಕಿಯನ್ನು ಕಾಣುವವರಿಗಿಂತ ಕೇಳುವವರೇ ಹೆಚ್ಚು. ಹಾಗಾಗಿ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಹಕ್ಕಿ ಸೇರಿಕೊಂಡಿದ್ದರೂ ಯಾರಿಗೂ ತೊಂದರೆಯಾಗಿರಲಿಲ್ಲ.

ಕಾನಿನದ್ದು, ಬೆಟ್ಟದ್ದು, ಬಯಲಿನದ್ದು

ಉತ್ತರ ಕನ್ನಡದಲ್ಲಿ ಈ ಕುಲದ ಹಕ್ಕಿಗಳು ನಾಲ್ಕು. (ಎರಡು ಪದದ ಹೆಸರಿನಲ್ಲಿ ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಕುಲದೊಳಗಿನ ಜಾತಿಯನ್ನು ಗುರುತಿಸುವ ಪದ.) ಎರಡು ದೊಡ್ಡವು, ಎರಡು ಸಣ್ಣವು. ದೊಡ್ಡವೆರಡೂ ಕುಟುರ್ ಎನ್ನುತ್ತವೆ, ಸಣ್ಣವೆರಡೂ ಟುಕ್ ಟುಕ್ ಎಂದು ಬಡಿಯುತ್ತವೆ. ತಪ್ಪು ಆಗುವುದು ದೊಡ್ಡದಕ್ಕೂ ಸಣ್ಣದಕ್ಕೂ ನಡುವೆಯಲ್ಲ, ಜೋಡಿಯೊಳಗೆ.

ಬಿಳಿಗೆನ್ನೆಯ ಕುಟುರ ನಮ್ಮಲ್ಲಿ ಎಲ್ಲೆಲ್ಲೂ ಇರುವಂಥದ್ದು: ಸೊಪ್ಪಿನಬೆಟ್ಟ, ಅಡಿಕೆ ತೋಟ, ಕಾನು, ಊರೊಳಗಿನ ಗೋಳಿಮರ. ಉದ್ದ 23 ಸೆಂಟಿಮೀಟರ್ ಸುಮಾರು, ಕಂದು ಗೆರೆಯ ತಲೆ, ಕಣ್ಣಿನ ಮೇಲೊಂದು ಕೆಳಗೊಂದು ಬಿಳಿ ಪಟ್ಟಿ, ಮಾಸಲು ಬಣ್ಣದ ಕೊಕ್ಕು. ಕಂದುತಲೆಯ ಕುಟುರ ಇದಕ್ಕಿಂತ ದೊಡ್ಡದು, 27 ಸೆಂಟಿಮೀಟರ್ ಹತ್ತಿರ. ಅದರ ಕಣ್ಣಿನ ಸುತ್ತ ಕಿತ್ತಳೆ ಬಣ್ಣದ ಬೋಳು ಚರ್ಮವಿದ್ದು ಕೊಕ್ಕಿನ ಬುಡದವರೆಗೂ ಹಬ್ಬಿರುತ್ತದೆ. ಮುಂಡಗೋಡ, ಹಳಿಯಾಳ, ಬನವಾಸಿ ಕಡೆಯ ಒಣ ಎಲೆಯುದುರು ಕಾಡಿನಲ್ಲಿ ಇದನ್ನು ಹುಡುಕಬೇಕು. ದನಿಯಲ್ಲಿ ಬೇರೆ ಮಾಡಲು ಕೂಗಿನ ಶುರು ಕೇಳಿಸಿಕೊಳ್ಳಿ. ಬಿಳಿಗೆನ್ನೆಯದು ಬಹಳ ಸಲ ಮೊದಲು 'ಟ್ರ್‌ರ್‌ರ್' ಎಂದು ಒಮ್ಮೆ ಸಿಡಿದು ಆಮೇಲೆ ಕುಟುರ್ ಲಯಕ್ಕೆ ಬೀಳುತ್ತದೆ. ನಡುವಿನಿಂದ ಕೇಳಿದರೆ ಪಳಗಿದ ಕಿವಿಯೂ ಎಡವುತ್ತದೆ. ಪಟ್ಟಿ ಬರೆಯುವವರು ಹಕ್ಕಿ ಕಾಣದೆ ದನಿಯೊಂದರ ಮೇಲೆ ಹಳಿಯಾಳದಲ್ಲಿ ಒಂದು, ಯಾಣದಲ್ಲಿ ಇನ್ನೊಂದು ಎಂದು ಊರು ನೋಡಿ ಹೆಸರು ಹಾಕಿಬಿಡುತ್ತಾರೆ. ಆಮೇಲೆ ಅದೇ ಪಟ್ಟಿ ತೋರಿಸಿ "ಈ ಹಕ್ಕಿ ಅಲ್ಲಿಲ್ಲ" ಎನ್ನುವುದೂ ಅವರೇ.

ಸಣ್ಣವೆರಡು ಬಣ್ಣದ ಚೆಂಡುಗಳು. ಎರಡೂ ಹೆಚ್ಚುಕಡಿಮೆ 17 ಸೆಂಟಿಮೀಟರ್, ಎರಡೂ ಹಸಿರು, ಎರಡರ ಮೊಗದಲ್ಲೂ ಕೆಂಪು. ಚಿಟ್ಟುಕುಟುರ, ಅಂದರೆ ಕಂಚುಗಾರ ಹಕ್ಕಿ, ಬಯಲಿನದ್ದು. ಕಾರವಾರ, ಅಂಕೋಲಾದ ರಸ್ತೆಬದಿಯ ಆಲ ಅರಳಿಗಳಲ್ಲೂ ಸಿಗುತ್ತದೆ. ಹಣೆ ಕೆಂಪು, ಎದೆಯ ಮೇಲೊಂದು ಕೆಂಪು ಪಟ್ಟಿ, ಆದರೆ ಗಂಟಲು ಮತ್ತು ಕಣ್ಣಿನ ಮೇಲೆ ಕೆಳಗೆ ಹಳದಿ, ಹೊಟ್ಟೆಯ ತುಂಬ ಹಸಿರು ಗೀರು. ಮಲಬಾರ್ ಕುಟುರ ಕಾನಿನದ್ದು. ದೇವಿಮನೆ ಘಟ್ಟ, ಅಣಶಿ, ಕತ್ತಲೆಕಾನಿನಂಥ ನಿತ್ಯಹಸಿರಿನಲ್ಲಿ ಹಣೆಯಿಂದ ಎದೆಯವರೆಗೆ ಕುಂಕುಮದಲ್ಲಿ ಅದ್ದಿದಂತೆ ಕಾಣುವ ಮುಖ, ಅದರಂಚಿಗೆ ಸ್ವಲ್ಪ ಕಪ್ಪು, ಸ್ವಲ್ಪ ನೀಲಿ. ಹೊಟ್ಟೆ ಗೀರಿಲ್ಲದ ಸಾದಾ ಹಸಿರು. ಕೆಂಪನ್ನು ನಂಬಬೇಡಿ, ಗೀರನ್ನು ನಂಬಿ. ಚಿಟ್ಟುಕುಟುರದ ಮರಿಗೆ ಕೆಂಪು ಇನ್ನೂ ಬಂದಿರುವುದಿಲ್ಲ, ಮಲಬಾರ್ ಮರಿಯ ಕೆಂಪೂ ಮಂಕು; ಗೀರು ಮಾತ್ರ ಒಂದಕ್ಕೆ ಮೊದಲಿಂದಲೇ ಇದೆ, ಇನ್ನೊಂದಕ್ಕೆ ಎಂದೂ ಇಲ್ಲ.

ದನಿಗೆ ಗಡಿಯಾರ ಸಾಕು. ಚಿಟ್ಟುಕುಟುರದ ಟುಕ್ ನಿಮಿಷಕ್ಕೆ 100ರಿಂದ 120ರ ಆಸುಪಾಸು. ಬೆರಳು ಮಡಿಸುತ್ತ ಹತ್ತು ಸೆಕೆಂಡಿಗೆ ಇಪ್ಪತ್ತು ಎಣಿಸಲು ಬರುತ್ತದೆ. ಮಲಬಾರಿನದು ಇನ್ನೂ ಮೆದು, ಇನ್ನೂ ವೇಗ. ಬೆರಳು ಹಿಂದೆ ಬೀಳುತ್ತದೆ. ಘಟ್ಟದಂಚಿನಲ್ಲಿ ಎರಡೂ ಒಟ್ಟಿಗೆ ಸಿಗುವ ಜಾಗಗಳಲ್ಲಿ ಈ ಲೆಕ್ಕ ಕೈಹಿಡಿಯುತ್ತದೆ.

ಚಿಟ್ಟುಕುಟುರ ಕೂಗುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಚಳಿಗಾಲದ ಬೆಳಿಗ್ಗೆ ಎಲೆಯುದುರಿದ ಮರದ ತುತ್ತತುದಿಗೆ ಬಂದು ಬಿಸಿಲು ಕಾಯಿಸುತ್ತ ಕೂರುತ್ತದೆ, ಆಗ ದುರ್ಬೀನಿಗೆ ಸರಿಯಾಗಿ ಸಿಗುತ್ತದೆ. ಕೊಕ್ಕು ಮುಚ್ಚಿಯೇ ಇರುತ್ತದೆ. ಒಂದೊಂದು ಟುಕ್‌ಗೂ ತಲೆ ಒಮ್ಮೆ ಬಾಗುತ್ತದೆ, ಗಂಟಲಿನ ಎರಡೂ ಬದಿಯ ಬೋಳು ಚರ್ಮ ಗುಳ್ಳೆಯಂತೆ ಉಬ್ಬಿ ತಗ್ಗುತ್ತದೆ. ನಾಲ್ಕಾರು ಟುಕ್ ಎಡಕ್ಕೆ ಮುಖ ಮಾಡಿ, ನಾಲ್ಕಾರು ಬಲಕ್ಕೆ. ಕೆಳಗೆ ನಿಂತವರಿಗೆ ದನಿ ಒಮ್ಮೆ ಈ ಮರದಿಂದ, ಒಮ್ಮೆ ಆ ಮರದಿಂದ ಬಂದಂತೆ ಕೇಳುವುದು ಇದರಿಂದಲೇ. ಹಕ್ಕಿ ಕೂತ ಜಾಗದಿಂದ ಕದಲಿರುವುದೇ ಇಲ್ಲ.

ಮೂಲ ಖಾತೆ

ಈಗ ಹೆಸರಿಗೆ ಬರೋಣ. ಬಿಳಿಗೆನ್ನೆಯದಕ್ಕೆ 1783ರಲ್ಲಿ ಡಚ್ಚರ ಪೀಟರ್ ಬೊಡ್ಡಾರ್ಟ್ ಇಟ್ಟ ಹೆಸರು ಬುಕ್ಕೊ ವಿರಿಡಿಸ್. ಆ ಕಾಲದಲ್ಲಿ ದಪ್ಪ ಕೊಕ್ಕಿನ, ಕೊಕ್ಕಿನ ಬುಡದಲ್ಲಿ ಮೀಸೆಯಂಥ ಬಿರುಗೂದಲಿರುವ ಹಕ್ಕಿಯೆಲ್ಲ ಬುಕ್ಕೊ. ದಕ್ಷಿಣ ಅಮೆರಿಕದ್ದೂ ಬುಕ್ಕೊ, ನಮ್ಮದೂ ಬುಕ್ಕೊ. ಆಮೇಲೆ ಆ ಹೆಸರು ದಕ್ಷಿಣ ಅಮೆರಿಕದ ಬೇರೊಂದು ಬಗೆಯ ಹಕ್ಕಿಗಳಿಗೇ ಉಳಿಯಿತು, ನಮ್ಮವು ಹೊರಬಿದ್ದವು.

ಹತ್ತೊಂಬತ್ತನೇ ಶತಮಾನ ಹಿಸ್ಸೆ ಒಡೆಯುವ ಶತಮಾನ. ಕೊಕ್ಕಿನ ಆಕಾರ, ಮೂಗಿನ ಹೊಳ್ಳೆ, ಮೀಸೆಗೂದಲಿನ ಉದ್ದ, ಇಂಥ ಒಂದೊಂದು ವ್ಯತ್ಯಾಸಕ್ಕೂ ಒಂದೊಂದು ಕುಲ. 1895ರಲ್ಲಿ ಬ್ಲ್ಯಾನ್‌ಫೋರ್ಡ್ ಬರೆದ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಸಂಪುಟ ತೆರೆದರೆ ನಮ್ಮ ನಾಲ್ಕು ಹಕ್ಕಿ ಎರಡು ಕುಲದಲ್ಲಿ ಸಿಗುತ್ತವೆ. ದೊಡ್ಡವೆರಡು ಥೆರೈಸೆರಿಕ್ಸ್, ಸಣ್ಣವೆರಡು ಕ್ಸಾಂತೊಲೈಮಾ. ಕ್ಸಾಂತೊಲೈಮಾ ಎಂದರೆ ಹಳದಿ ಗಂಟಲು. ಚಿಟ್ಟುಕುಟುರಕ್ಕೆ ಸರಿಹೊಂದುವ ಹೆಸರು, ಗಂಟಲು ಕೆಂಪಾದ ಮಲಬಾರಿನದೂ ಅದರೊಳಗೇ. ಹೆಸರಿನ ಅರ್ಥ ನೋಡಿ ಹಕ್ಕಿ ಗುರುತಿಸಲು ಹೊರಟರೆ ಹೀಗೇ ಆಗುವುದು. ಆದರೂ ಆ ಎರಡು ಪಾಲು ನಮ್ಮೂರಿನ ಕಿವಿ ಮಾಡಿದ ಪಾಲೇ ಎನ್ನುವುದನ್ನು ಗಮನಿಸಿ: ಕುಟುರ್ ಎನ್ನುವವು ಒಂದು ಕಡೆ, ಟುಕ್ ಎನ್ನುವವು ಇನ್ನೊಂದು ಕಡೆ.

ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಒಡೆದದ್ದನ್ನೆಲ್ಲ ಮತ್ತೆ ಕೂಡಿಸಿ ಮೆಗಲೈಮಾ ಎಂಬ ಒಂದು ದೊಡ್ಡ ಮನೆ ಕಟ್ಟಿದರು. ಜಾರ್ಜ್ ರಾಬರ್ಟ್ ಗ್ರೇ 1842ರಲ್ಲಿ ಇಟ್ಟಿದ್ದ ಹೆಸರದು, ದೊಡ್ಡ ಗಂಟಲು ಎಂದರ್ಥ. ಏಷ್ಯಾದ ಹೆಚ್ಚುಕಡಿಮೆ ಎಲ್ಲ ಕುಟುರಗಳೂ ಅದರೊಳಗೆ ಬಂದವು. ಸಲೀಂ ಅಲಿಯವರ ಪುಸ್ತಕ ಓದಿ ಹಕ್ಕಿ ಕಲಿತ ತಲೆಮಾರಿಗೆ ಬಾಯಿಪಾಠವಾದದ್ದು ಈ ಹೆಸರೇ.

ಹೊರಗೇ ಉಳಿದವುಗಳಲ್ಲಿ ಒಂದು ಹಕ್ಕಿ ಈ ಕತೆಗೆ ಮುಖ್ಯ. ಮಲಯ ಪರ್ಯಾಯ ದ್ವೀಪ ಮತ್ತು ಸುಮಾತ್ರಾದ ಬೆಟ್ಟಗಳಲ್ಲಿರುವ ಕುಟುರವೊಂದಕ್ಕೆ ಕೊಕ್ಕಿನ ಬುಡದಲ್ಲಿ ಬೆಂಕಿಬಣ್ಣದ ಕೂದಲಿನ ಜುಟ್ಟಿದೆ. ಕೂಗಂತೂ ಕುಟುರ್ ಅಲ್ಲ, ಟುಕ್ ಅಲ್ಲ, ಜೀರುಂಡೆ ಮೊರೆದಂತೆ. ಸಾಲೊಮನ್ ಮ್ಯುಲರ್ 1836ರಲ್ಲಿ ಅದಕ್ಕೆಂದೇ ಸಿಲೋಪೋಗನ್ ಎಂಬ ಕುಲ ಮಾಡಿ ಅದೊಂದನ್ನೇ ಅದರಲ್ಲಿ ಇಟ್ಟಿದ್ದರು. ಸಿಲೋಪೋಗನ್ ಎಂದರೆ ಬೋಳುಗಡ್ಡ. ಕೊಕ್ಕಿನ ಸುತ್ತ ಇಷ್ಟೊಂದು ಕೂದಲಿರುವ ಬಳಗಕ್ಕೆ ಕೊನೆಗೆ ಬೋಳುಗಡ್ಡವೆಂಬ ಮನೆತನದ ಹೆಸರು ಬಂತು ನೋಡಿ.

ಅದು ಬಂದದ್ದು ಹೀಗೆ. 2004ರಲ್ಲಿ ರಾಬರ್ಟ್ ಮೊಯ್ಲ್ ಕುಟುರಗಳ ಡಿಎನ್‌ಎ ಹೋಲಿಸಿ ವಂಶವೃಕ್ಷ ಬರೆದಾಗ ಆ ಜುಟ್ಟಿನ ಹಕ್ಕಿ ಮೆಗಲೈಮಾ ಬಳಗದ ಪಕ್ಕದಲ್ಲಿ ನಿಲ್ಲಲಿಲ್ಲ, ಒಳಗೇ ಬಂದು ಕೂತಿತು. 2013ರಲ್ಲಿ ಇನ್ನೂ ಹೆಚ್ಚು ಜಾತಿಗಳನ್ನು ಸೇರಿಸಿ ಮಾಡಿದ ಅಧ್ಯಯನದಲ್ಲೂ ಅದೇ ಕಂಡಿತು. ಅಂದರೆ ಒಂದೇ ಅಜ್ಜನ ಮೊಮ್ಮಕ್ಕಳನ್ನೆಲ್ಲ ಒಂದು ಖಾತೆಗೆ ಹಾಕಿ, ನಡುವಿನ ಒಬ್ಬನನ್ನು ಜುಟ್ಟು ಬಿಟ್ಟಿದ್ದಾನೆ, ದನಿ ಬೇರೆ ಎಂದು ಹೊರಗಿಟ್ಟ ಹಾಗಾಗಿತ್ತು. ಅಂಥ ಖಾತೆ ಇಂದಿನ ವರ್ಗೀಕರಣದಲ್ಲಿ ಊರ್ಜಿತವಾಗುವುದಿಲ್ಲ. ಕುಲ ಎಂದರೆ ಒಬ್ಬ ಪೂರ್ವಜ ಮತ್ತು ಅವನ ಸಂತಾನವಿಡೀ. ನೋಟಕ್ಕೆ ಬೇರೆ ಕಂಡಿತೆಂದು ಒಬ್ಬನನ್ನು ಬಿಡುವಂತಿಲ್ಲ.

ಉಳಿದದ್ದು ಎರಡು ದಾರಿ. ಮೆಗಲೈಮಾವನ್ನು ನಾಲ್ಕೈದಾಗಿ ಒಡೆದು ಹಳೆಯ ಕ್ಸಾಂತೊಲೈಮಾದಂಥ ಹೆಸರುಗಳನ್ನು ಎಬ್ಬಿಸುವುದು ಒಂದು. ಎಲ್ಲರನ್ನೂ ಒಟ್ಟಿಗೆ ಇಟ್ಟು ಜುಟ್ಟಿನವನನ್ನೂ ಒಳಗೆ ಕರೆದುಕೊಳ್ಳುವುದು ಇನ್ನೊಂದು. ಎರಡನೆಯದನ್ನು ಆರಿಸಿದರು. ಆರಿಸಿದ ಮೇಲೆ ಹೆಸರಿನ ವಿಷಯದಲ್ಲಿ ಆಯ್ಕೆ ಇರಲಿಲ್ಲ: ಎರಡು ಕುಲ ಕೂಡಿದರೆ ಮೊದಲು ಪ್ರಕಟವಾದ ಹೆಸರು ನಿಲ್ಲುತ್ತದೆ. 1836 ಮೊದಲು, 1842 ಆಮೇಲೆ. ಆರು ವರ್ಷದ ಅಂತರಕ್ಕೆ, ನಮ್ಮ ಕಾಡು ಎಂದೂ ಕಾಣದ ಒಂದು ಹಕ್ಕಿಯ ಹೆಸರು ಶಿರಸಿಯ ಬಸರಿ ಮರಕ್ಕೆ ಬಂದು ಕೂತಿತು. ಈಗ ಸಿಲೋಪೋಗನ್ ಕುಲದಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಗಳಿವೆ. ಮಲಯ, ಸುಮಾತ್ರಾ, ಬೋರ್ನಿಯೋದ ಕಂದು ಕುಟುರಗಳು ಮಾತ್ರ ಕವಲಿನ ಬುಡದಲ್ಲೇ ಬೇರೆಯಾದವು, ಅವು ಕ್ಯಾಲೊರಾಂಫಸ್ ಎಂದೇ ಉಳಿದವು.

ನನ್ನನ್ನು ಕೇಳಿದರೆ ಕೂಡಿಸಿದ್ದೇ ಒಳ್ಳೆಯದಾಯಿತು. ಒಡೆದಿದ್ದರೆ ನಮ್ಮ ನಾಲ್ಕಕ್ಕೆ ಎರಡು ಕುಲ ಕಲಿಯಬೇಕಿತ್ತು.

ಬಾಲ ಯಾಕೆ ಬದಲಾಯಿತು

ಹೊಸ ಹೆಸರನ್ನು ನಕಲು ಮಾಡುವವರು ಹೆಚ್ಚು ತಪ್ಪುವುದು ಇಲ್ಲಿ. ಮೆಗಲೈಮಾ ಮಲಬಾರಿಕಾ ಇದ್ದದ್ದು ಸಿಲೋಪೋಗನ್ ಮಲಬಾರಿಕಸ್ ಆಗಿದೆ. ಕಂದುತಲೆಯ ಕುಟುರದ ಜೈಲಾನಿಕಾ ಹೋಗಿ ಜೈಲಾನಿಕಸ್, ಚಿಟ್ಟುಕುಟುರದ ಹೀಮಾಸೆಫಲಾ ಹೋಗಿ ಹೀಮಾಸೆಫಲಸ್. ವಿರಿಡಿಸ್ ಮಾತ್ರ ವಿರಿಡಿಸ್ ಆಗಿಯೇ ಇದೆ. ಲ್ಯಾಟಿನ್ ವ್ಯಾಕರಣದಲ್ಲಿ ಗುಣವಾಚಕ ನಾಮಪದದ ಲಿಂಗಕ್ಕೆ ಹೊಂದಬೇಕು. ಮೆಗಲೈಮಾವನ್ನು ಸ್ತ್ರೀಲಿಂಗವೆಂದು ಹಿಡಿದಿದ್ದರು, ಸಿಲೋಪೋಗನ್ ಪುಲ್ಲಿಂಗ. ವಿರಿಡಿಸ್ ಎರಡಕ್ಕೂ ಒಂದೇ ರೂಪ. ನಮ್ಮಲ್ಲಿ ದೊಡ್ಡವನು, ದೊಡ್ಡವಳು ಎಂದು ಬೇರೆಯಾದರೂ ದೊಡ್ಡವರು ಎಂದಾಗ ಇಬ್ಬರಿಗೂ ಸಲ್ಲುವ ಹಾಗೆ. ಸಿಲೋಪೋಗನ್ ಮಲಬಾರಿಕಾ ಎಂದು ಬರೆದ ಫಲಕ ಕಂಡರೆ, ಕುಲದ ಹೆಸರನ್ನಷ್ಟೇ ಅಳಿಸಿ ಬರೆದಿದ್ದಾರೆ ಎಂದು ತಿಳಿಯಬಹುದು.

ಹೆಸರಿನ ಕೊನೆಗಿರುವ ಕಂಸವೂ ಮಾತಾಡುತ್ತದೆ. ಸಿಲೋಪೋಗನ್ ವಿರಿಡಿಸ್ (ಬೊಡ್ಡಾರ್ಟ್, 1783) ಎಂದಿದ್ದರೆ, ಬೊಡ್ಡಾರ್ಟ್ ಹೆಸರಿಟ್ಟಾಗ ಕುಲ ಬೇರೆಯಿತ್ತು ಎಂದರ್ಥ. ಹೆಸರಿಟ್ಟ ಕುಲದಲ್ಲೇ ಹಕ್ಕಿ ಇಂದಿಗೂ ಇದ್ದರೆ ಕಂಸ ಇರುವುದಿಲ್ಲ. ಜುಟ್ಟಿನ ಹಕ್ಕಿಗೆ ಕಂಸವಿಲ್ಲ. ಹಳೆಯ ದಾಖಲೆ ಹೋಲಿಸುವವರಿಗೆ ಇದು ದೊಡ್ಡ ಅನುಕೂಲ. ಕಾರವಾರ ಮುಖ್ಯಸ್ಥಳವಾಗಿದ್ದ ಉತ್ತರ ಕನ್ನಡ ಜಿಲ್ಲೆಯ ಹಕ್ಕಿಗಳ ಬಗ್ಗೆ ಜೇಮ್ಸ್ ಡೇವಿಡ್ಸನ್ 1898ರಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಅಂಥ ಬರಹ ಹಿಡಿದು ಇಂದಿನ ಪಟ್ಟಿಯ ಪಕ್ಕ ಇಡುವಾಗ ಕುಲದ ಹೆಸರನ್ನು ಬದಿಗಿಡಿ, ಎರಡನೇ ಪದದ ಬುಡ ಹಿಡಿಯಿರಿ, ಬಾಲ ಬಿಡಿ. ಮಲಬಾರಿಕ್ ಎಂಬಷ್ಟು ಸಿಕ್ಕರೆ ಹಕ್ಕಿ ಸಿಕ್ಕಿತು.

ಇಂಗ್ಲಿಷ್ ಹೆಸರು ನಂಬಿದರೆ ಕೆಟ್ಟಿರಿ. ಚಿಟ್ಟುಕುಟುರ ಒಂದು ಕಾಲದಲ್ಲಿ ಕ್ರಿಮ್ಸನ್ ಬ್ರೆಸ್ಟೆಡ್, ಮಲಬಾರಿನದು ಕ್ರಿಮ್ಸನ್ ಥ್ರೋಟೆಡ್, ಆಮೇಲೆ ಅದೇ ಮಲಬಾರಿನದು ಶ್ರೀಲಂಕಾದ ಹಕ್ಕಿಯ ಜತೆ ಸೇರಿ ಕ್ರಿಮ್ಸನ್ ಫ್ರಂಟೆಡ್. ಎದೆ, ಗಂಟಲು, ಹಣೆ, ಮೂರೂ ಕ್ರಿಮ್ಸನ್! ನಮ್ಮ ಕಾನಿನ ಹಳೆಯ ಪಟ್ಟಿಗಳಲ್ಲಿ ಕ್ರಿಮ್ಸನ್ ಫ್ರಂಟೆಡ್ ಬಾರ್ಬೆಟ್ ಎಂದು ಕಂಡರೆ ಗಾಬರಿ ಬೇಡ, ಅದು ಮಲಬಾರ್ ಕುಟುರವೇ. ಇಂದು ಆ ಇಂಗ್ಲಿಷ್ ಹೆಸರು ಶ್ರೀಲಂಕಾದ್ದಕ್ಕೆ ಮಾತ್ರ ಸಲ್ಲುತ್ತದೆ.

ಒಣಗೂಟದ ಸಾಕ್ಷಿ

ರಕ್ತಸಂಬಂಧ ಪ್ರಯೋಗಾಲಯದಲ್ಲಷ್ಟೇ ಕಾಣುವಂಥದ್ದಲ್ಲ. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಹಾಲವಾಣದ ಮರವೊಂದಕ್ಕೆ ತುದಿ ಮುರಿದ ಒಣಕೊಂಬಿದ್ದರೆ ಡಿಸೆಂಬರ್ ಕಳೆದ ಮೇಲೆ ಅದರ ಮೇಲೆ ಕಣ್ಣಿಡಿ. ಬಿಳಿಗೆನ್ನೆಯ ಕುಟುರದ ಜೋಡಿ ಬಂದು ಕೊರೆಯಲು ಶುರುಮಾಡುತ್ತದೆ. ಒಂದು ಹಕ್ಕಿ ತೊಗಟೆಗೆ ಕಚ್ಚಿಕೊಂಡು ಕೆಲಸ ಮಾಡುವಾಗ ಪಾದ ನೋಡಿ: ಎರಡು ಬೆರಳು ಮುಂದೆ, ಎರಡು ಹಿಂದೆ. ಮರಕುಟಿಗದ ಪಾದವೂ ಹೀಗೆಯೇ, ಎರಡೂ ಒಂದೇ ಗಣದವು. ಆದರೆ ಮರಕುಟಿಗದ ಸಾಮಾನು ಕುಟುರಕ್ಕಿಲ್ಲ. ಊರಿ ನಿಲ್ಲಲು ಮುಳ್ಳಿನಂಥ ಗಟ್ಟಿ ಬಾಲವಿಲ್ಲ, ಉಳಿಯಂಥ ನೇರ ಕೊಕ್ಕಿಲ್ಲ. ಗಿಡ್ಡ ದಪ್ಪ ಕೊಕ್ಕಿನಿಂದ ಕುಟ್ಟಿ, ಕಚ್ಚಿ, ಕಿತ್ತು ತೆಗೆಯಬೇಕು. ಹಾಗಾಗಿ ಮತ್ತಿಯಂಥ ಗಟ್ಟಿ ಹಸಿಮರ ಅದಕ್ಕಾಗದು. ಅರ್ಧ ಕುಂಬಾದ ಮೆದು ಮರವೇ ಬೇಕು. ಎರಡೂ ಹಕ್ಕಿ ಸರದಿಯಲ್ಲಿ ದುಡಿದು ಗೂಡು ಮುಗಿಯಲು ಸುಮಾರು 20 ದಿನ. ಮೊದಲು ಮೈಯೆಲ್ಲ ಹೊರಗೆ, ಆಮೇಲೆ ಬಾಲ ಮಾತ್ರ ಹೊರಗೆ, ಕೊನೆಗೆ ಹಕ್ಕಿ ಪೂರ್ತಿ ಒಳಗೆ ಹೋಗಿ ಬಾಯ್ತುಂಬ ಪುಡಿ ತಂದು ಬಾಗಿಲಲ್ಲಿ ತಲೆ ಕೊಡವಿ ಚೆಲ್ಲುತ್ತದೆ. ಕೆಳಗಿನ ಎಲೆಗಳ ಮೇಲೆ ಬಿದ್ದ ಆ ಪುಡಿ ನೋಡಿಯೇ ಗೂಡು ಪತ್ತೆ ಮಾಡುವುದು ಸುಲಭ.

ಗೂಡಾಗಿ ಮೂರರಿಂದ ಐದು ದಿನಕ್ಕೆ ಮೊಟ್ಟೆ, ಸಾಮಾನ್ಯವಾಗಿ ಮೂರು. ಕಾವು 14-15 ದಿನ. ಹಗಲು ಇಬ್ಬರ ಸರದಿ, ರಾತ್ರಿ ಹೆಣ್ಣು. ಮರಿ ಹೊರಬರಲು ಮತ್ತೆ 36ರಿಂದ 38 ದಿನ. ಎಲ್ಲ ಸೇರಿ ಎರಡೂವರೆ ತಿಂಗಳು ಆ ಒಣಗೂಟ ನಿಂತಿರಬೇಕು. ಸೊಪ್ಪು ಸವರುವಾಗ ಹೇಗೂ ಒಣಗಿದೆಯಲ್ಲ ಎಂದು ಅದನ್ನೂ ಕಡಿದರೆ ಮುಗಿಯಿತು. ಗಾಳಿಗೆ ಮುರಿಯುವುದೂ ಉಂಟು, ಯಾಕೆಂದರೆ ಕೊರೆಯಲು ಬರುವಷ್ಟು ಮೆತ್ತಗಾದ ಕೊಂಬು ನಿಲ್ಲುವುದರಲ್ಲೂ ಮೆತ್ತಗೇ. ಸಣ್ಣ ಕುಟುರಗಳು ಹೆಚ್ಚಾಗಿ ಅಡ್ಡ ಕೊಂಬಿನ ಕೆಳಮೈಗೆ ಬಾಗಿಲು ತೆಗೆಯುತ್ತವೆ, ಮಳೆ ನೀರು ನೇರ ಒಳಗಿಳಿಯದಂತೆ.

ದಾಂಡೇಲಿಗೆ ಬರುವವರು ಮಂಗಟ್ಟೆ ನೋಡಿ ಇದು ನಮ್ಮ ಟೂಕಾನ್ ಎನ್ನುತ್ತಾರೆ. ಕೊಕ್ಕಿನ ಹೋಲಿಕೆ ಅಷ್ಟೆ, ನೆಂಟಸ್ತಿಕೆ ಇಲ್ಲ. ಟೂಕಾನ್‌ನ ನಿಜವಾದ ದಾಯಾದಿ ಅದೇ ಆಲದ ಮರದಲ್ಲಿ ಹಣ್ಣಿಗಾಗಿ ಮಂಗಟ್ಟೆಯ ಕಾಲಡಿ ಓಡಾಡುವ ಕುಟುರ. ಹಿಂದೆ ಅಮೆರಿಕ, ಆಫ್ರಿಕಾ, ಏಷ್ಯಾ ಮೂರೂ ಖಂಡದ ಕುಟುರಗಳನ್ನು ಒಂದೇ ಕುಟುಂಬವೆಂದು ಹಿಡಿದಿದ್ದರು. ಆಮೇಲೆ ಅಮೆರಿಕದ ಕುಟುರಗಳು ನಮ್ಮವಕ್ಕಿಂತ ಟೂಕಾನ್‌ಗೇ ಹತ್ತಿರ ಎಂದು ಗೊತ್ತಾಗಿ ಆ ಕುಟುಂಬವನ್ನೂ ಒಡೆಯಬೇಕಾಯಿತು. ಏಷ್ಯಾದವುಗಳ ಕುಟುಂಬಕ್ಕೆ ಈಗ ಮೆಗಲೈಮಿಡೇ ಎಂದು ಹೆಸರು. ಕುಲದ ಹೆಸರಾಗಿ ಹೋದ ಮೆಗಲೈಮಾ ಕುಟುಂಬದ ಹೆಸರಿನಲ್ಲಿ ಉಳಿದುಕೊಂಡಿದೆ. ಮನೆ ಮಾರಿದರೂ ಊರವರು ಹಳೆಯ ಒಡೆಯನ ಹೆಸರಲ್ಲೇ ಕರೆಯುವ ಹಾಗೆ.

ಇನ್ನೂ ತೀರದ ಹಿಸ್ಸೆ

ಮಲಬಾರ್ ಕುಟುರ ಶ್ರೀಲಂಕಾದ್ದರಿಂದ ಬೇರೆಯಾದದ್ದು ಈಚೆಗೆ. ಬಹಳ ಕಾಲ ಇದನ್ನು ಅಲ್ಲಿನ ರುಬ್ರಿಕ್ಯಾಪಿಲಸ್‌ನ ಉಪಜಾತಿ ಎಂದು ಎಣಿಸಿದ್ದರು. ಅಲ್ಲಿನದರ ಕೆನ್ನೆ, ಗಂಟಲು ಹಳದಿ ಕಿತ್ತಳೆ, ನಮ್ಮದರ ಇಡೀ ಮುಖ ಕೆಂಪು. ನಡುವೆ ಸಮುದ್ರ, ನಡುವಿನ ಬಣ್ಣದ ಹಕ್ಕಿ ಎಲ್ಲೂ ಇಲ್ಲ. 2005ರಲ್ಲಿ ಬಂದ ರಾಸ್ಮುಸ್ಸೆನ್ ಮತ್ತು ಆಂಡರ್ಟನ್ ಕೈಪಿಡಿ ಎರಡನ್ನೂ ಬೇರೆ ಜಾತಿ ಎಂದಿತು, ಈಗ ಪಟ್ಟಿಗಳೂ ಹಾಗೇ ಹೇಳುತ್ತವೆ. ಆ ಲೆಕ್ಕದಲ್ಲಿ ಇದು ಗೋವಾದ ಆಸುಪಾಸಿನಿಂದ ದಕ್ಷಿಣಕ್ಕೆ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ. ಜೋಯಿಡಾ, ಅಣಶಿಯ ಕಾಡು ಅದರ ನೆಲೆಯ ಉತ್ತರದ ಅಂಚಿನ ಹತ್ತಿರ.

ಚಿಟ್ಟುಕುಟುರದ ವಿಚಾರ ಇನ್ನೂ ಬಾಕಿಯಿದೆ. ಸ್ಟಾಟಿಯುಸ್ ಮ್ಯುಲರ್ 1776ರಲ್ಲಿ ಹೀಮಾಸೆಫಲಸ್ ಎಂದು ಹೆಸರಿಟ್ಟದ್ದು ಫಿಲಿಪ್ಪೀನ್ಸಿನ ಹಕ್ಕಿಗೆ. ನಮ್ಮದು ಅದರ ಉಪಜಾತಿ ಇಂಡಿಕಸ್, ಲೇಥಮ್ 1790ರಲ್ಲಿ ಕೊಟ್ಟ ಹೆಸರು. ಜಾವಾದ್ದಕ್ಕೆ ನಮ್ಮದರಲ್ಲಿ ಹಳದಿ ಇರುವ ಕಡೆ ಕೆಂಪು. ಇಷ್ಟು ಬೇರೆ ಬೇರೆ ಮುಖಗಳು ಒಂದೇ ಜಾತಿಯಾಗಿ ಉಳಿಯುತ್ತವೋ ಇಲ್ಲವೋ, ಮಲಬಾರಿನದಕ್ಕೆ ಆದದ್ದನ್ನು ನೋಡಿದರೆ ಪಣ ಕಟ್ಟುವಂತಿಲ್ಲ. ಒಡೆದರೆ ಹೀಮಾಸೆಫಲಸ್ ಎಂಬ ಹೆಸರು ಫಿಲಿಪ್ಪೀನ್ಸಿಗೆ ಹೋಗುತ್ತದೆ, ಕಾರವಾರದ ಆಲದ ಮರದಲ್ಲಿ ಟುಕ್ ಟುಕ್ ಎನ್ನುವುದು ಸಿಲೋಪೋಗನ್ ಇಂಡಿಕಸ್ ಆಗುತ್ತದೆ. ಮನೆಯ ಪಟ್ಟಿಯಲ್ಲಿ ಉಳಿದ ಮೂರನ್ನು ಪೆನ್ನಿನಲ್ಲಿ ಬರೆದರೂ ಇದೊಂದನ್ನು ಪೆನ್ಸಿಲಿನಲ್ಲಿ ಬರೆದಿಡಿ.